ಮೀನು ಮರಳಬೇಕಾದರೆ ನದಿ ಮೊದಲು ಮರಳಬೇಕು

(ನದಿ ಅಧ್ಯಯನ ಶಿಬಿರದ ಕೊನೆಯ ದಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ನಿನ್ನೆ ಸಂಜೆ ಹೊಳೆಯ ದಂಡೆಯಲ್ಲಿ ಕುಳಿತಿದ್ದಾಗ ಹಿರಿಯರೊಬ್ಬರು ತಮ್ಮ ಬಾಲ್ಯದ ಮಡುಗಳನ್ನು ನೆನೆದರು. ಆಗ ಕಾಲು ನಿಲುಕದಷ್ಟು ಆಳವಿದ್ದ ಮಡುಗಳು ಈಗ ಹೂಳು ತುಂಬಿ ಮೊಣಕಾಲುದ್ದದ ನೀರಾಗಿವೆ, ಮೀನುಗಳೂ ಕಾಣುತ್ತಿಲ್ಲ ಎಂದರು. ಆ ಮಾತು ಕೇಳಿದ ವಿದ್ಯಾರ್ಥಿಯೊಬ್ಬ, "ಹಾಗಾದರೆ ಎಲ್ಲಿಂದಲಾದರೂ ಮೀನುಮರಿಗಳನ್ನು ತಂದು ಹೊಳೆಗೆ ಬಿಟ್ಟರಾಯಿತಲ್ಲವೇ?" ಎಂದ. ಸದುದ್ದೇಶದ ಪ್ರಶ್ನೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇದೇ ಪ್ರಶ್ನೆ ನೂರೈವತ್ತು ವರ್ಷಗಳ ಹಿಂದೆ ಎದ್ದಿತ್ತು. ಅಲ್ಲಿನವರು 'ಹೌದು' ಎಂದು ಉತ್ತರಿಸಿಕೊಂಡರು. ಆ ಉತ್ತರ ಎಷ್ಟು ಸರಿ, ಎಷ್ಟು ತಪ್ಪು ಎಂಬುದನ್ನು ಅರಿಯಲು ಅವರಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಕಥೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಸಾಲ್ಮನ್ ಎಂಬುದು ಒಂದೇ ಮೀನಿನ ಹೆಸರಲ್ಲ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿಯ ನದಿಗಳಲ್ಲಿ ಚಿನೂಕ್, ಕೋಹೋ, ಸಾಕೈ, ಚಮ್, ಪಿಂಕ್ ಎಂಬ ಐದು ಬಗೆಯ ಸಾಲ್ಮನ್‌ಗಳಿವೆ. ಸ್ಟೀಲ್‌ಹೆಡ್ ಇವುಗಳ ಹತ್ತಿರದ ಬಂಧು. ರೇನ್‌ಬೋ ಟ್ರೌಟ್ ಎಂಬ ಮೀನಿನ ಕುಲದಲ್ಲಿ ಹೊಳೆಯಲ್ಲೇ ಉಳಿಯುವವೂ ಉಂಟು, ಕಡಲಿಗೆ ಹೋಗಿ ಬರುವವೂ ಉಂಟು. ಕಡಲಿಗೆ ಹೋಗಿ ಬರುವ ಮೀನಿಗೆ ಸ್ಟೀಲ್‌ಹೆಡ್ ಎಂದು ಹೆಸರು. ಇವೆಲ್ಲವೂ ಸಿಹಿನೀರಿನಲ್ಲಿ ಹುಟ್ಟಿ, ಉಪ್ಪುನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತವೆ. ದಾರಿಯನ್ನು ಹೇಗೆ ಕಂಡುಕೊಳ್ಳುತ್ತವೆ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಅವರ ಸಂಗಡಿಗರು 1950ರ ದಶಕದಿಂದ ನಡೆಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಮರಿಯಾಗಿದ್ದಾಗ ಅನುಭವಿಸಿದ ತವರುಹೊಳೆಯ ವಾಸನೆಯನ್ನು ಮೀನು ವರ್ಷಗಳ ನಂತರವೂ ಮರೆಯುವುದಿಲ್ಲ.

ಮರಳಿ ಬಂದ ಹೆಣ್ಣುಮೀನು ಬಾಲದಿಂದ ಹರಳುಗಲ್ಲುಗಳನ್ನು ತೋಡಿ ಗುಳಿಯೊಂದನ್ನು ಮಾಡಿ ಅದರಲ್ಲಿ ಮೊಟ್ಟೆಯಿಡುತ್ತದೆ. ಕಲ್ಲುಗಳ ಸಂದಿಯಲ್ಲಿ ತಣ್ಣನೆಯ ತಿಳಿನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆ ಉಸಿರಾಡಬಲ್ಲದು. ಮೇಲಿನ ಗುಡ್ಡದಲ್ಲಿ ಮರ ಕಡಿದು ಮಣ್ಣು ಕೊಚ್ಚಿ ಬಂದರೆ ಸಂದಿಗಳೆಲ್ಲ ಮುಚ್ಚಿಹೋಗಿ ಮೊಟ್ಟೆ ಉಸಿರುಗಟ್ಟಿ ಸಾಯುತ್ತದೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಬಳಿಕ ಪ್ರಾಣ ಬಿಡುತ್ತವೆ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಬದುಕುಳಿದು ಮತ್ತೆ ಕಡಲಿಗೆ ಹೋಗುತ್ತವೆ. ಸತ್ತ ಮೀನು ಕರಡಿಗೆ, ಹಕ್ಕಿಗೆ, ಹುಳುವಿಗೆ ಆಹಾರ. ಅದರ ಮೂಲಕ ಕಡಲಿನಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ದಂಡೆಯ ಮರಗಳಲ್ಲಿಯೂ ಗುರುತಿಸಿದ್ದಾರೆ. ಕಾಡು ಹೊಳೆಯನ್ನು ಕಾಯುತ್ತದೆಂದು ನಾವು ಬಲ್ಲೆವು. ಹೊಳೆಯೂ ಕಾಡನ್ನು ಪೋಷಿಸುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಕೊಲಂಬಿಯಾ ನದಿಯ ಕೊಳ್ಳಕ್ಕೆ ಒಂದು ಕಾಲದಲ್ಲಿ ವರ್ಷಕ್ಕೆ 1 ಕೋಟಿಯಿಂದ 1.6 ಕೋಟಿಯಷ್ಟು ಸಾಲ್ಮನ್ ಮತ್ತು ಸ್ಟೀಲ್‌ಹೆಡ್‌ಗಳು ಮರಳುತ್ತಿದ್ದವೆಂದು 1980ರ ದಶಕದಲ್ಲಿ ನಡೆದ ಅಧಿಕೃತ ಅಂದಾಜು ಹೇಳಿತು. ಆ ಹೊತ್ತಿಗೆ ಸಂಖ್ಯೆ ಸುಮಾರು 25 ಲಕ್ಷಕ್ಕೆ ಇಳಿದಿತ್ತು. ಮಿತಿಮೀರಿದ ಮೀನುಗಾರಿಕೆ, ಮರ ಕಡಿತ, ಗಣಿ, ನೀರಾವರಿ ಕಾಲುವೆ ಹಾಗೂ ಅಣೆಕಟ್ಟುಗಳು ಸೇರಿ ಈ ಸ್ಥಿತಿಯನ್ನು ತಂದವು. 1942ರಲ್ಲಿ ಪೂರ್ಣಗೊಂಡ ಗ್ರ್ಯಾಂಡ್ ಕೂಲಿ ಅಣೆಕಟ್ಟಿಗೆ ಮೀನು ಹತ್ತುವ ಮೆಟ್ಟಿಲುಗಳೇ ಇರಲಿಲ್ಲ. ಅದರ ಮೇಲಿನ ನದಿಯೆಲ್ಲ ಮೀನಿನ ಪಾಲಿಗೆ ಮುಚ್ಚಿಹೋಯಿತು. ಮೆಟ್ಟಿಲುಗಳಿದ್ದ ಕಡೆಯೂ ಸಮಸ್ಯೆ ಮುಗಿಯಲಿಲ್ಲ. ದೊಡ್ಡ ಮೀನು ಮೆಟ್ಟಿಲೇರಿ ಮೇಲೆ ಹೋಗಬಹುದು. ಆದರೆ ಬೆರಳುದ್ದದ ಮರಿ ಕೆಳಗಿಳಿಯುವಾಗ ನಿಂತ ನೀರಿನ ಜಲಾಶಯಗಳನ್ನೂ ತಿರುಗುವ ಟರ್ಬೈನುಗಳನ್ನೂ ದಾಟಬೇಕು.

ಇಷ್ಟೆಲ್ಲ ನಡೆಯುತ್ತಿದ್ದರೂ ಜನರು ಚಿಂತಿಸಲಿಲ್ಲ. ಏಕೆಂದರೆ ಅವರ ಬಳಿ ಮರಿ ಉತ್ಪಾದನಾ ಕೇಂದ್ರಗಳಿದ್ದವು. 1872ರಲ್ಲಿಯೇ ಕ್ಯಾಲಿಫೋರ್ನಿಯಾದ ಮೆಕ್ಲೌಡ್ ನದಿಯ ದಂಡೆಯಲ್ಲಿ ಸಾಲ್ಮನ್ ಮೊಟ್ಟೆಗಳನ್ನು ಸಂಗ್ರಹಿಸುವ ಸರಕಾರಿ ಕೇಂದ್ರ ಆರಂಭವಾಗಿತ್ತು. ಮೀನುಗಾರಿಕೆಯನ್ನು ಕಾನೂನಿನಿಂದ ನಿಯಂತ್ರಿಸುವ ಕಷ್ಟಕ್ಕಿಂತ ಕೃತಕವಾಗಿ ಮರಿ ಬೆಳೆಸುವುದೇ ಲೇಸೆಂದು ಆಗಿನ ಮೀನುಗಾರಿಕಾ ಆಯುಕ್ತರಾಗಿದ್ದ ಸ್ಪೆನ್ಸರ್ ಬೇರ್ಡ್ 1875ರಲ್ಲಿ ಸಲಹೆಯಿತ್ತರು. ನದಿಯನ್ನು ಕಳೆದುಕೊಂಡರೂ ಮೀನನ್ನು ಉಳಿಸಿಕೊಳ್ಳಬಹುದೆಂಬ ನಂಬಿಕೆ ಹೀಗೆ ಬೇರೂರಿತು. ಪ್ರತಿ ಹೊಸ ಅಣೆಕಟ್ಟಿನ ಜೊತೆಗೆ ಪರಿಹಾರವೆಂದು ಮರಿಕೇಂದ್ರಗಳು ಬಂದವು. ಕೋಟಿಗಟ್ಟಲೆ ಮರಿಗಳು ನದಿ ಸೇರಿದವು. ಕಾಡುಮೀನುಗಳ ಅವನತಿ ಮಾತ್ರ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ? 1991ರಲ್ಲಿ ಮೂವರು ಜೀವವಿಜ್ಞಾನಿಗಳು ಪಶ್ಚಿಮ ಕರಾವಳಿಯಲ್ಲಿ ಅಪಾಯದಲ್ಲಿರುವ 214 ಮೀನುವಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಅವರು ಎಣಿಸಿದ್ದು ಜಾತಿಗಳನ್ನಲ್ಲ, ಹೊಳೆಹೊಳೆಯ ವಂಶಗಳನ್ನು. ಒಂದೊಂದು ಹೊಳೆಯ ಮೀನು ಆ ಹೊಳೆಯ ಚಳಿ, ಪ್ರವಾಹ, ದೂರಗಳಿಗೆ ಸಾವಿರಾರು ವರ್ಷ ಹೊಂದಿಕೊಂಡು ಬಂದಿರುತ್ತದೆ. ನಮ್ಮ ಭತ್ತದ ನಾಡತಳಿಗಳನ್ನು ನೆನೆಸಿಕೊಳ್ಳಿ. ಗದ್ದೆಯಲ್ಲಿ ನೀರು ನಿಂತರೂ ಬಾಳುವ ತಳಿಯನ್ನು ಕಳೆದುಕೊಂಡು ಬೇರೆಡೆಯ ಬೀಜ ತಂದರೆ ಭತ್ತವೇನೋ ಸಿಗುತ್ತದೆ, ಆ ತಳಿ ಸಿಗುವುದಿಲ್ಲ. ಮೀನಿನ ಮಾತೂ ಹಾಗೆಯೇ.

2007ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಈ ಮಾತನ್ನು ಮತ್ತಷ್ಟು ಖಚಿತಪಡಿಸಿತು. ಆರೆಗಾನ್ ರಾಜ್ಯದ ಹುಡ್ ನದಿಯ ಸ್ಟೀಲ್‌ಹೆಡ್‌ಗಳ ವಂಶಾವಳಿಯನ್ನು ಅರಾಕಿ, ಕೂಪರ್, ಬ್ಲೂಯಿನ್ ಎಂಬ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆಯಿಂದ ಪತ್ತೆಹಚ್ಚಿದರು. ತೊಟ್ಟಿಯಲ್ಲಿ ಬೆಳೆಸಿದ ಮೀನುಗಳು ನದಿಯಲ್ಲಿ ಸಂತಾನ ಉಳಿಸುವ ಸಾಮರ್ಥ್ಯವು ತೊಟ್ಟಿಯಲ್ಲಿ ಕಳೆದ ಪ್ರತಿ ಪೀಳಿಗೆಗೆ ಸುಮಾರು ಶೇಕಡಾ 40ರಷ್ಟು ಕುಂದುತ್ತದೆ ಎಂಬುದು ಅವರ ನಿರ್ಣಯ. ಕಾರಣ ಸ್ಪಷ್ಟವೇ ಇದೆ. ಬೇಟೆಗಾರ ಪ್ರಾಣಿಯಿಲ್ಲದ, ಹೊತ್ತಿಗೆ ಸರಿಯಾಗಿ ಆಹಾರ ಬೀಳುವ ತೊಟ್ಟಿಯಲ್ಲಿ ಬದುಕುಳಿಯುವುದು ತೊಟ್ಟಿಗೆ ತಕ್ಕ ಮೀನು. ಅದು ನದಿಗೆ ತಕ್ಕದ್ದಲ್ಲ.

ಹಾಗೆಂದು ಮರಿಕೇಂದ್ರಗಳಿಂದ ಪ್ರಯೋಜನವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಐಡಾಹೋ ರಾಜ್ಯದ ರೆಡ್‌ಫಿಶ್ ಸರೋವರವು ಕಡಲಿನಿಂದ ಸುಮಾರು 1,450 ಕಿಲೋಮೀಟರ್ ದೂರದಲ್ಲಿ, ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಏರಿಬರುವ ಸಾಕೈ ಮೀನು 1991ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. 1992ರಲ್ಲಿ ಮರಳಿದ್ದು ಒಂದೇ ಒಂದು ಗಂಡುಮೀನು. 1991ರಿಂದ 1998ರವರೆಗಿನ ಎಂಟು ವರ್ಷಗಳಲ್ಲಿ ಮರಳಿದವು ಒಟ್ಟು 16. ಆ ಮೀನುಗಳನ್ನು ಸಂರಕ್ಷಿಸಿ, ಅವುಗಳಿಂದ ಎಚ್ಚರಿಕೆಯಿಂದ ಸಂತಾನ ಪಡೆದುದರಿಂದಲೇ ಆ ವಂಶ ಇಂದು ಉಳಿದಿದೆ. 2014ರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಮೀನುಗಳು ಮರಳಿ ಬಂದವು. ಆದರೆ ಮರುವರ್ಷ, 2015ರ ಬೇಸಿಗೆಯಲ್ಲಿ ಕೊಲಂಬಿಯಾದ ನೀರು 20 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾದಾಗ ಏರಿಬರುತ್ತಿದ್ದ ಸಾಕೈಗಳಲ್ಲಿ ಬಹುಪಾಲು ದಾರಿಯಲ್ಲೇ ಸತ್ತವು. ತುರ್ತು ಚಿಕಿತ್ಸೆಯ ಕೊಠಡಿ ಜೀವ ಉಳಿಸಬಲ್ಲದು. ಅಲ್ಲಿಯೇ ಸಂಸಾರ ಹೂಡಲಾಗದು. ಹೊರಗೆ ಮನೆ ಸರಿಯಿರಬೇಕು.

ಮನೆ ಸರಿಪಡಿಸಿದ ಉದಾಹರಣೆಗಳೂ ಇವೆ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಗೆ 1913 ಮತ್ತು 1927ರಲ್ಲಿ ಎರಡು ಅಣೆಕಟ್ಟುಗಳಾದವು. ಕೆಳಗಿನದು ಕಡಲಿನಿಂದ ಕೇವಲ 8 ಕಿಲೋಮೀಟರ್ ದೂರದಲ್ಲಿತ್ತು. ಕ್ಲಾಲಮ್ ಮೂಲನಿವಾಸಿಗಳು ದಶಕಗಳ ಕಾಲ ಹೋರಾಡಿದರು. 2011ರಿಂದ 2014ರ ನಡುವೆ ಎರಡೂ ಅಣೆಕಟ್ಟುಗಳನ್ನು ಒಡೆದು ತೆಗೆಯಲಾಯಿತು. ಆಮೇಲೆ ಕಂಡ ಒಂದು ಸಂಗತಿ ವಿಜ್ಞಾನಿಗಳನ್ನೂ ಬೆರಗುಗೊಳಿಸಿತು. ಬೇಸಿಗೆಯಲ್ಲಿ ಏರಿಬರುವ ಸ್ಟೀಲ್‌ಹೆಡ್‌ಗಳು ಮತ್ತೆ ಕಾಣಿಸಿಕೊಂಡವು. ಅವುಗಳ ಮೂಲ ಅಣೆಕಟ್ಟಿನ ಮೇಲ್ಭಾಗದಲ್ಲಿ ನೂರು ವರ್ಷ ಸಿಕ್ಕಿಬಿದ್ದಿದ್ದ ರೇನ್‌ಬೋ ಟ್ರೌಟ್‌ಗಳಲ್ಲಿತ್ತು! ಕಡಲಿಗೆ ಹೋಗುವ ಗುಣ ಅಷ್ಟು ತಲೆಮಾರುಗಳು ಕಳೆದರೂ ಅವುಗಳ ರಕ್ತದಲ್ಲಿ ಉಳಿದಿತ್ತು. 2023ರಲ್ಲಿ ಕ್ಲಾಲಮ್ ಜನರು ತಮ್ಮ ನದಿಯಲ್ಲಿ ಮತ್ತೆ ಕೋಹೋ ಮೀನು ಹಿಡಿದರು.

ಕ್ಲಾಮತ್ ನದಿಯ ಕಥೆ ಇನ್ನೂ ಹೊಸದು. 2002ರ ಸೆಪ್ಟೆಂಬರಿನಲ್ಲಿ, ನೀರು ಕಡಿಮೆಯಾಗಿ ಬಿಸಿಯೇರಿದಾಗ ರೋಗ ಹಬ್ಬಿ, ಕನಿಷ್ಠ 34,000 ಮೀನುಗಳು ಅಲ್ಲಿ ಸತ್ತು ತೇಲಿದವು. ಯುರೋಕ್, ಕಾರುಕ್ ಮುಂತಾದ ಮೂಲನಿವಾಸಿಗಳು ಅಂದಿನಿಂದ ಸುಮ್ಮನೆ ಕೂರಲಿಲ್ಲ. 2023 ಮತ್ತು 2024ರಲ್ಲಿ ನಾಲ್ಕು ಅಣೆಕಟ್ಟುಗಳನ್ನು ತೆರವುಗೊಳಿಸಲಾಯಿತು. ಕೆಲಸ ಮುಗಿದ ಕೆಲವೇ ವಾರಗಳಲ್ಲಿ, 2024ರ ಅಕ್ಟೋಬರಿನಲ್ಲಿ, 1912ರಿಂದ ಚಿನೂಕ್ ಮೀನನ್ನೇ ಕಾಣದಿದ್ದ ಆರೆಗಾನಿನ ಉಪನದಿಯಲ್ಲಿ ಅವು ಪ್ರತ್ಯಕ್ಷವಾದವು. ಅವನ್ನು ಯಾರೂ ಹೊತ್ತು ತಂದು ಬಿಟ್ಟಿರಲಿಲ್ಲ.

ಆದರೂ ಗೆದ್ದೆವೆಂದು ಹೇಳುವ ಕಾಲ ಬಂದಿಲ್ಲ. ಪಶ್ಚಿಮ ಕರಾವಳಿಯ 28 ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಸಮೂಹಗಳು ಕಾನೂನಿನ ರಕ್ಷಣೆಯ ಪಟ್ಟಿಗೆ ಸೇರಿವೆ. ಹೊಸ ಅಪಾಯಗಳೂ ಬೆಳಕಿಗೆ ಬರುತ್ತಿವೆ. ಸಿಯಾಟಲ್ ಸುತ್ತಲಿನ ಹೊಳೆಗಳಲ್ಲಿ ಮಳೆ ಬಂದೊಡನೆ ಕೋಹೋ ಮೀನುಗಳು ಸಾಯುತ್ತಿದ್ದುದರ ಕಾರಣ 2020ರಲ್ಲಿ ತಿಳಿಯಿತು: ವಾಹನಗಳ ಟೈರು ಸವೆದು ಉದುರುವ ಪುಡಿಯಲ್ಲಿರುವ ಒಂದು ರಾಸಾಯನಿಕದಿಂದ ಹುಟ್ಟುವ ವಿಷ. ರಸ್ತೆಯ ನೀರು ನೇರವಾಗಿ ಹಳ್ಳಕ್ಕೆ ಇಳಿಯುವ ಯಾವ ಊರಿನವರೂ ಯೋಚಿಸಬೇಕಾದ ವಿಷಯವಿದು.

ಇನ್ನು ನಮ್ಮ ನೆಲಕ್ಕೆ ಬರೋಣ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಮರಳುಗಾರಿಕೆ, ಸಿಡಿಮದ್ದು, ಜಲಾಶಯಗಳು ಅದನ್ನು ಕಾಡಿದ್ದು ನಿಜ. ಜೊತೆಗೆ 1970ರ ದಶಕದಿಂದ ಸಂರಕ್ಷಣೆಯ ಹೆಸರಿನಲ್ಲಿಯೇ ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಗಾಳದ ಶಿಬಿರಗಳ 1998ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು 2015ರಲ್ಲಿ ತಿಳಿಸಿದ್ದೇನೆಂದರೆ, ಹೊರಗಿನಿಂದ ಬಂದ ಮೀನು ಹೆಚ್ಚುತ್ತಾ ಹೋಯಿತು, ಕಾವೇರಿಯದೇ ಆದ ಮೀನು ಕುಸಿಯುತ್ತಾ ಬಂದಿತು. 'ಮಹಶೀರ್ ಇದೆ' ಎಂದು ನಾವು ಸಮಾಧಾನಪಟ್ಟುಕೊಂಡಿದ್ದ ಹೊತ್ತಿನಲ್ಲಿ ನಮ್ಮ ಮಹಶೀರ್ ಕಾಣೆಯಾಗುತ್ತಿತ್ತು. ಮರಿ ಬಿಟ್ಟವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ನಿನ್ನೆ ಸಂಜೆಯ ಪ್ರಶ್ನೆಯಲ್ಲಿದ್ದ ಒಳ್ಳೆಯ ಮನಸ್ಸೇ ಅವರಲ್ಲಿಯೂ ಇತ್ತು.

ಆದ್ದರಿಂದ ಆ ವಿದ್ಯಾರ್ಥಿಗೆ ನನ್ನ ಉತ್ತರ ಇಷ್ಟು. ಮರಿ ತರುವ ಮೊದಲು ನಮ್ಮ ಹೊಳೆಯಲ್ಲಿ ಯಾವ ಮೀನು ಇತ್ತು, ಯಾವುದು ಇನ್ನೂ ಇದೆ ಎಂಬುದನ್ನು ಹಿರಿಯರನ್ನು ಕೇಳಿ ಬರೆದಿಡೋಣ. ಶೃಂಗೇರಿಯಲ್ಲಿಯೂ ಶಿಶಿಲದಲ್ಲಿಯೂ ದೇವರ ಮೀನೆಂದು ಕಾಪಾಡಿಕೊಂಡು ಬಂದ ಮಡುಗಳಿವೆ. ನಮ್ಮಲ್ಲಿಯೂ ಒಂದೆರಡು ಮಡುಗಳನ್ನು ಹಾಗೆ ಬಿಡಬಹುದೇ ಎಂದು ಗ್ರಾಮಸಭೆಯಲ್ಲಿ ಚರ್ಚಿಸೋಣ. ಮಡು ತುಂಬಿದ ಹೂಳು ಯಾವ ಗುಡ್ಡದಿಂದ, ಯಾವ ರಸ್ತೆಯಿಂದ ಬಂತೆಂದು ಈ ಮಳೆಗಾಲದಲ್ಲಿ ವಿದ್ಯಾರ್ಥಿಗಳೇ ಹಳ್ಳದ ಗುಂಟ ನಡೆದು ನೋಡಲಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರಿನ ಬಿಸಿಯನ್ನು ಅಳೆದು ದಾಖಲಿಸಲಿ. ಒಂದು ಉಷ್ಣಮಾಪಕ, ಒಂದು ನೋಟುಪುಸ್ತಕ ಸಾಕು.

ಎಲ್ವಾದ ಮೀನು ನೂರು ವರ್ಷ ಕಾದಿತ್ತು. ನಮ್ಮ ಹೊಳೆಯಲ್ಲಿ ಕಾದಿರುವವರು ಯಾರು ಎಂಬುದೇ ನಮಗಿನ್ನೂ ತಿಳಿದಿಲ್ಲ. ಅದನ್ನು ತಿಳಿಯುವ ಕೆಲಸವನ್ನು ನಾಳೆಯಿಂದಲೇ ಆರಂಭಿಸೋಣ.