ಅವಧಾನವೇ ವಿದ್ಯೆಯ ಬೇರು



ಸಂಘದ ವಾರ್ಷಿಕೋತ್ಸವದಲ್ಲಿ ನಾಲ್ಕು ಮಾತು ಬಿನ್ನವಿಸಬೇಕೆಂಬ ಅಪ್ಪಣೆಯನ್ನು ಶಿರಸಾವಹಿಸಿ ನಿಂತಿದ್ದೇನೆ. ಮೊಬೈಲಿನಿಂದ ಮಕ್ಕಳ ಚಿತ್ತ ಚದುರುತ್ತಿದೆಯೆಂಬುದು ಇಂದು ಮನೆಮನೆಯ ಅಳಲು. ಇದನ್ನು ಕುರಿತು ವಿಚಾರ ಮಾಡುವುದಕ್ಕೆ ನಮ್ಮ ಪರಂಪರೆಯಲ್ಲಿಯೇ ಒಂದು ಒಳ್ಳೆಯ ಕನ್ನಡಿಯಿದೆ, ಅದು ಅಷ್ಟಾವಧಾನ.

ತೆಲುಗು ನಾಡಿನಲ್ಲಿ ಹುಲುಸಾಗಿ ಬೆಳೆದ ಈ ಕಲೆಯನ್ನು ನಮ್ಮ ಕಾಲದಲ್ಲಿ ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಮತ್ತೆ ಬೆಳಗಿಸಿದ್ದಾರೆ. ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಪ್ರಶ್ನಿಸಲು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯನ್ನು ಒಡ್ಡುತ್ತಾರೆ. ಒಬ್ಬರು ಪದಗಳನ್ನು ಕೊಟ್ಟು ಪದ್ಯ ಕಟ್ಟಿರೆನ್ನುತ್ತಾರೆ. ಒಬ್ಬರು ಅಕ್ಷರಾಕ್ಷರಕ್ಕೂ ನಿಷೇಧ ಹಾಕುತ್ತಾರೆ. ನಡುನಡುವೆ ಗಂಟೆ ಬಾರಿಸಿದರೆ ಅದರ ಎಣಿಕೆಯೂ ತಪ್ಪಬಾರದು. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ಹರಟೆಯಿಂದ ಏಕಾಗ್ರತೆಯನ್ನು ಕೆಡಿಸುವುದೇ. ಬರೆದುಕೊಳ್ಳಲು ಕಾಗದವಿಲ್ಲ. ಸುತ್ತಿಗೊಂದು ಪಾದದಂತೆ ಬೆಳೆದ ಪದ್ಯಗಳನ್ನು ಕೊನೆಯಲ್ಲಿ ಇಡಿಯಾಗಿ ಒಪ್ಪಿಸಬೇಕು. ಅದಕ್ಕೆ ಧಾರಣೆಯೆಂದು ಹೆಸರು.

ಮೊಬೈಲಿನಲ್ಲಿಯೂ ಗಂಟೆಯಿದೆ, ಅಪ್ರಸ್ತುತ ಪ್ರಸಂಗವಿದೆ. ಆದರೆ ಭೇದವನ್ನು ಗಮನಿಸಿರಿ. ಅವಧಾನದ ಸಭೆಯಲ್ಲಿ ಅಪ್ರಸ್ತುತ ಪ್ರಸಂಗಿ ಒಬ್ಬನೇ; ಇಲ್ಲಿ ಎಂಟು ಪೀಠಗಳಲ್ಲಿಯೂ ಅವನೇ ಕುಳಿತಿದ್ದಾನೆ. ಅಲ್ಲಿ ಕೊನೆಗೆ ಧಾರಣೆಯಿದೆ. ಇಲ್ಲಿ ಕೊನೆಯೆಂಬುದೇ ಇಲ್ಲ. ಬೆರಳಾಡಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ಏಜಾ ರಾಸ್ಕಿನ್ ಎಂಬ ತಂತ್ರಜ್ಞರು ರೂಪಿಸಿದರು. ಮುಂದೆ ಅವರೇ ಅದಕ್ಕಾಗಿ ವಿಷಾದಪಟ್ಟರು. ಪುಟಕ್ಕೆ ಕೊನೆಯಿದ್ದರೆ ಓದುಗನು ತಲೆಯೆತ್ತಿ ಓದಿದ್ದನ್ನು ಮೆಲುಕು ಹಾಕುತ್ತಾನೆ. ಕೊನೆಯೇ ಇಲ್ಲದಿದ್ದರೆ ಮನನಕ್ಕೆ ಎಡೆಯೆಲ್ಲಿ? ಜಾಹೀರಾತಿನಿಂದ ಬದುಕುವ ಸಂಸ್ಥೆಗಳಿಗೆ ನಮ್ಮ ನೋಟದ ಹೊತ್ತೇ ಸರಕು. ಅಮೆರಿಕದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಅವರು 2004ರಲ್ಲಿ ಅಳೆದಾಗ, ಜನರು ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನವಿಡುತ್ತಿದ್ದರು. ಈಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆಯೆಂದು ಅವರು ತಿಳಿಸಿದ್ದಾರೆ.

ಈ ನಷ್ಟ ಎಲ್ಲರದೂ ಹೌದು. ಗಡಿನಾಡಿನವರಾದ ನಮಗೆ ಮಾತ್ರ ಇಮ್ಮಡಿ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಸೇರಿದವು. ತೆಲುಗು ನಮಗೆ ಸೋದರ ಭಾಷೆ. ಅದರ ಮೇಲೆ ಮುನಿಸಿಲ್ಲ. ಆದರೆ ಬೆಂಗಳೂರಿನ ಮಗುವಿಗೆ ಬಸ್ಸಿನ ಫಲಕವೂ ಕನ್ನಡದ ಪಾಠವಾಗುತ್ತದೆ. ನಮ್ಮ ಮಗುವಿಗೆ ಕನ್ನಡದ ಅಕ್ಷರ ದೊರೆಯುವುದು ಹೆಚ್ಚಾಗಿ ಪುಸ್ತಕದಲ್ಲಿಯೇ. ಓದುವ ಆ ಗಳಿಗೆಯೂ ಕೈತಪ್ಪಿದರೆ ಕನ್ನಡವು ಅಡುಗೆಮನೆಯ ಮಾತಾಗಿ ಉಳಿದೀತೇ ಹೊರತು ವಿದ್ಯೆಯಾಗಿ ಉಳಿಯದು.

ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅಂಗಡಿಯಲ್ಲಿ ಸಿಕ್ಕದ ಎಷ್ಟೋ ಹಳೆಯ ಕನ್ನಡ ಗ್ರಂಥಗಳು ಅದೇ ಮೊಬೈಲಿನಲ್ಲಿ ದೊರೆಯುತ್ತವೆ. ಬೇಕಾದುದು ಹೊತ್ತಿನ ಕಟ್ಟುಪಾಡು. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಮನೆಯ ಮೊಬೈಲುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಮೊದಲು ಹಿರಿಯರದು, ಆಮೇಲೆ ಕಿರಿಯರದು. ಮಗು ಒಂದು ಪದ್ಯವನ್ನೋ ಒಂದು ಪುಟವನ್ನೋ ಗಟ್ಟಿಯಾಗಿ ಓದಲಿ. ಬಳಿಕ ಪುಸ್ತಕ ಮುಚ್ಚಿ, ಓದಿದ್ದನ್ನು ತನ್ನ ಮಾತಿನಲ್ಲಿ ಅಜ್ಜಿಗೋ ತಾಯಿಗೋ ಹೇಳಲಿ. ಅದೇ ನಮ್ಮ ಮನೆಯ ಧಾರಣೆ. ಇದಕ್ಕೆ ಹಣ ಬೇಡ, ಸರ್ಕಾರದ ಆಜ್ಞೆ ಬೇಡ. ಕೇಳುವ ಕಿವಿಯೊಂದಿದ್ದರೆ ಸಾಕು.