ಕೊರ್ಲಯಿಗೆ ಹೋಗಿ ಬಂದ ಭಾನುವಾರ

ಪ್ರವಾಸದ ಅನುಭವ ಹೇಳಿ ಎಂದು ಕಾರ್ಯದರ್ಶಿ ಅಕ್ಕ ಕೇಳಿದಾಗ ಸ್ವಲ್ಪ ಸಂಕೋಚವೇ ಆಯಿತು. ನಿಮ್ಮಲ್ಲಿ ಅನೇಕರು ಕಾಶಿ, ಕೇದಾರ, ಯುರೋಪು ಎಲ್ಲ ನೋಡಿ ಬಂದವರು. ನಾನು ಹೇಳಹೊರಟಿರುವುದು ನಮ್ಮ ಮುಂಬಯಿಯ ಎದುರು ದಂಡೆಯ ಅಲಿಬಾಗ್, ರೇವದಂಡಾ, ಕೊರ್ಲಯಿ ಬಗ್ಗೆ. ಬೆಳಿಗ್ಗೆ ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು.

ಹೋದವರು ಮೂವರು: ನಾನು, ನಮ್ಮ ಅತ್ತೆ, ಒಂಬತ್ತು ವರ್ಷದ ಮಗಳು. ಯಜಮಾನರಿಗೆ ಅಂದು ಆಫೀಸಿನ ಕೆಲಸವಿತ್ತು. ಒಳ್ಳೆಯದೇ ಆಯಿತು ಅನ್ನಿ, ಅವರಿದ್ದರೆ ಗಂಟೆಗೊಂದು ಜಾಗ ಮುಗಿಸಬೇಕು. ಅತ್ತೆ ಬೀದರಿನವರು, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಹಿಂದಿಯಲ್ಲಿ ಉತ್ತರಿಸುತ್ತಾಳೆ. ನಡುವೆ ನಾನು ದುಭಾಷಿ. ನಾನು ಮನೆಯಲ್ಲಿಲ್ಲದ ಹೊತ್ತು ಅಜ್ಜಿ-ಮೊಮ್ಮಗಳ ನಡುವೆ ಹೆಚ್ಚು ಮಾತೇ ಇರುವುದಿಲ್ಲ. ಇಬ್ಬರಿಗೂ ಟಿವಿ ಇದೆ.

ಭಾವುಚಾ ಧಕ್ಕಾದಿಂದ ಕಾರು ಸಮೇತ ಒಯ್ಯುವ ರೋ-ರೋ ಹಡಗಿನಲ್ಲಿ ಸುಮಾರು ಒಂದು ಗಂಟೆಗೆ ಮಾಂಡವಾ. ಅಲ್ಲಿಂದ ಅಲಿಬಾಗ್ ಹತ್ತಿರವೇ. ಅಲಿಬಾಗಿಗೆ ಹೋಗುವವರು ಮೊದಲು ಆ ದಿನದ ಉಬ್ಬರ-ಇಳಿತದ ಸಮಯ ನೋಡಿಕೊಳ್ಳಿ. ಸಮುದ್ರದೊಳಗಿನ ಕುಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಬಹುದು. ಅತ್ತೆ ಸೀರೆ ಎತ್ತಿ ಕಟ್ಟಿ ನಮಗಿಂತ ಮುಂದೆ ನಡೆದರು. ಕೋಟೆಯೊಳಗೆ ಗಣಪತಿ ಗುಡಿ ಇದೆ. ಸುತ್ತ ಉಪ್ಪುನೀರಾದರೂ ಬಾವಿಯ ನೀರು ಮಾತ್ರ ಸಿಹಿ.

ದಂಡೆಯ ಹತ್ತಿರವೇ ಭೂಕಾಂತತ್ವ ವೀಕ್ಷಣಾಲಯವಿದೆ. ಹೊರಗಿನಿಂದ ನೋಡಿಯೇ ಖುಷಿಪಟ್ಟೆ, ಎಂಟೆಕ್ ಮಾಡಿದ್ದರ ಚಟ! ಮೊದಲು ಇದು ಮುಂಬಯಿಯ ಕೊಲಾಬಾದಲ್ಲಿತ್ತು. ವಿದ್ಯುತ್ ಟ್ರಾಮ್ ಬಂದರೆ ಅಳತೆ ಕೆಡುತ್ತದೆಂದು 1904ರಲ್ಲಿ ಇಲ್ಲಿ ಹೊಸದನ್ನು ಆರಂಭಿಸಿದರು. ಅಳತೆಯ ಕಟ್ಟಡಕ್ಕೆ ಕಬ್ಬಿಣವನ್ನೇ ಬಳಸಲಿಲ್ಲವಂತೆ.

ರೇವದಂಡಾದಲ್ಲಿ ಪೋರ್ಚುಗೀಸರ ಕೋಟೆಗೋಡೆಯ ಒಳಗೆ ಈಗ ತೆಂಗು-ಅಡಿಕೆ ತೋಟಗಳು, ಮನೆಗಳು, ಶಾಲೆ. ಶಾಲೆಯ ಅಂಗಳದಲ್ಲಿ ಒಂದು ಸ್ಮಾರಕ ಸ್ತಂಭವಿದೆ, ಅಫನಾಸಿ ನಿಕಿತಿನ್ ಎಂಬ ರಷ್ಯನ್ ವ್ಯಾಪಾರಿಯದು. 15ನೇ ಶತಮಾನದಲ್ಲಿ ಒಂದು ಕುದುರೆ ಹಿಡಿದುಕೊಂಡು ಪಕ್ಕದ ಚೌಲ್ ಬಂದರಿನಲ್ಲಿ ಇಳಿದವನು. ಜುನ್ನರ್ ದಾಟಿ ಬೀದರಿಗೆ ಹೋದ, ಆಗ ಅದು ಬಹಮನಿ ರಾಜಧಾನಿ. ಕುದುರೆ ಮಾರಿದ್ದೂ ಅಲ್ಲಿಯೇ. ಇದನ್ನು ಹೇಳಿದ್ದೇ ತಡ, ಅತ್ತೆ, "ಹೌದೇನ್? ನಮ್ಮೂರಿಗಿ ಬಂದಿದ್ದನೇನ್ ಇಂವಾ?" ಎಂದು ಸ್ತಂಭದ ಸುತ್ತ ಒಂದು ಸುತ್ತು ಬಂದರು. ಯಾರೋ ನೆಂಟರ ಮನೆಗೆ ಬಂದ ಹಾಗೆ!

ಕುಂಡಲಿಕಾ ನದಿಯ ಸೇತುವೆ ದಾಟಿದರೆ ಕೊರ್ಲಯಿ. ಗುಡ್ಡದ ಮೇಲೆ ಕೋಟೆ, ಕೆಳಗೆ ಸಣ್ಣ ಊರು. ಬಿಸಿಲಿಗೆ ಕೋಟೆ ಹತ್ತಲಿಲ್ಲ, ನಾನು ಬಂದದ್ದೂ ಅದಕ್ಕಲ್ಲ. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಪೋರ್ಚುಗೀಸ್‌ನಿಂದ ಹುಟ್ಟಿದ ಒಂದು ಮಿಶ್ರಭಾಷೆ ಇವತ್ತಿಗೂ ಇದೆ. ಅವರು ಅದನ್ನು 'ನೋ ಲಿಂಗ್' ಎನ್ನುತ್ತಾರೆ. ಹಾಗೆಂದರೆ 'ನಮ್ಮ ಭಾಷೆ', ಅಷ್ಟೇ. ಪೋರ್ಚುಗೀಸರು 1740ರಲ್ಲೇ ಈ ಭಾಗ ಬಿಟ್ಟರು. ಶಾಲೆ ಮರಾಠಿಯದು, ಪೇಟೆ ಮರಾಠಿಯದು. ಶಬ್ದಗಳು ಪೋರ್ಚುಗೀಸ್, ಆದರೆ ವಾಕ್ಯದಲ್ಲಿ ಕ್ರಿಯಾಪದ ನಮ್ಮ ಹಾಗೆ ಕೊನೆಗೆ ಬರುತ್ತದೆ. ಆಡುವವರು ಸಾವಿರದ ಆಸುಪಾಸು. ನಮ್ಮ ಹೌಸಿಂಗ್ ಸೊಸೈಟಿಯಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ.

ಜಗುಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನಮಗೆ ನೀರು ಕೊಟ್ಟರು. ನಮ್ಮ ಜೊತೆ ಮರಾಠಿ, ಅಂಗಳದಲ್ಲಿದ್ದ ಮೊಮ್ಮಗನ ಜೊತೆ ಅವರ ಮಾತು. ಆ ಹುಡುಗನೂ ಅದರಲ್ಲೇ ಏನೋ ವಾದ ಮಾಡುತ್ತಿದ್ದ. ನೀವು ಆಡುವುದು ಯಾವ ಭಾಷೆ ಎಂದು ಅವರು ಕೇಳಿದರು. ನಾನು ಕನ್ನಡ ಎನ್ನುವಷ್ಟರಲ್ಲಿ ಅತ್ತೆ ಮರಾಠಿಯಲ್ಲೇ "ಆಮಚಿ ಭಾಷಾ" ಅಂದುಬಿಟ್ಟರು. ಇಬ್ಬರೂ ನಕ್ಕರು. ಈ ಪುಟ್ಟಿಗೂ ಬರುತ್ತದಾ ಎಂದು ಮಗಳನ್ನು ತೋರಿಸಿ ಆ ಅಜ್ಜಿ ಕೇಳಿದಾಗ ಅತ್ತೆ ಉತ್ತರಿಸಲಿಲ್ಲ. ನನ್ನ ಮುಖ ನೋಡಿದರು. "ತಿಳಿಯುತ್ತದೆ" ಎಂದೆ. ಅದು ಸುಳ್ಳಲ್ಲ. ಆದರೆ ಆ ಹುಡುಗನ ವಾದ ಕಿವಿಯಲ್ಲೇ ಇತ್ತು. ತಿಳಿಯುವ ಭಾಷೆಯಲ್ಲಿ ಮಕ್ಕಳು ಜಗಳವಾಡುವುದಿಲ್ಲ.

ವಾಪಸು ಹಡಗಿನಲ್ಲಿ ಮಗಳು ಅಜ್ಜಿಯ ಪಕ್ಕ ಹೋಗಿ ಕೂತಳು. ಆ ರಷ್ಯದವನ ಕುದುರೆಯನ್ನು ಯಾರು ಕೊಂಡರು ಎಂದು ಅವಳ ಪ್ರಶ್ನೆ, ಹಿಂದಿಯಲ್ಲೇ. 'ಕುದುರೆ' ಮಾತ್ರ ಕನ್ನಡದಲ್ಲಿ. "ಕುದುರೆ ಅಲ್ಲವಾ, ಕುದುರಿ" ಎಂದರು ಅತ್ತೆ. "ಅಮ್ಮ ಕುದುರೆ ಅಂತಾಳೆ!" "ನಿಮ್ಮಮ್ಮಗ ಏನ್ ಗೊತ್ತದ? ಬೀದರದಾಗ ಕುದುರಿನೇ." ಯಾವುದು ಸರಿ ಎಂದು ಇಬ್ಬರೂ ನನ್ನತ್ತ ತಿರುಗಿದರು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಮಾಂಡವಾದಿಂದ ಮುಂಬಯಿಯವರೆಗೂ ಅದೇ ನಡೆಯಿತು.

ಚಳಿಗಾಲ ಮುಗಿಯುವುದರೊಳಗೆ ಇನ್ನೊಮ್ಮೆ ಹೋಗುವ ಯೋಚನೆಯಿದೆ, ಈ ಸಲ ಕೋಟೆಯನ್ನೂ ಹತ್ತಬೇಕು. ಬರುವವರು ನನ್ನ ಹತ್ತಿರ ಹೆಸರು ಕೊಡಿ, ಇಳಿತದ ವೇಳೆ ನೋಡಿ ದಿನ ಗೊತ್ತುಮಾಡೋಣ. ಮೊಮ್ಮಕ್ಕಳಿದ್ದರೆ ಕರೆದುಕೊಂಡೇ ಬನ್ನಿ.