ಮದುವೆಗೆ ಬಂದವರ ಮುಖಗಳು

ನಿಮ್ಮ ಮನೆಯ ಬೀರುವಿನಲ್ಲಿ ಮದುವೆಯ ಆಲ್ಬಮ್ ಒಂದು ಇದ್ದೇ ಇರುತ್ತದೆ. ಬಿಡುವಾದಾಗ ಅದನ್ನು ತೆರೆದು ನೋಡಿ. ನಡುವೆ ವಧೂವರರು, ಎಡಬಲಕ್ಕೆ ಬೀಗರು, ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು, ಹಿಂದೆ ಉಸಿರು ಬಿಗಿಹಿಡಿದು ನಿಂತ ನೆಂಟರು. ಊರನ್ನೆಲ್ಲ ನಗಿಸುವ ಸೋದರಮಾವನೂ ಆ ಸಾಲಿನಲ್ಲಿ ಠಾಣೆಗೆ ಕರೆಸಿಕೊಂಡವನಂತೆ ಕಾಣುತ್ತಾನೆ. ಪಾಪ, ಅವನ ತಪ್ಪೇನೂ ಇಲ್ಲ. ‘ಇತ್ತ ನೋಡಿ, ಅಲುಗಾಡಬೇಡಿ’ ಎಂದೊಡನೆ ಯಾರ ಮುಖವೂ ತನ್ನತನವನ್ನು ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಅತಿಥಿಗಳು ತಮ್ಮ ಪಾಡಿಗೆ ತಾವಿರುವಾಗ ತೆಗೆಯುವ ಚಿತ್ರಗಳ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಇದನ್ನು ಎತ್ತಲು ಒಂದು ಕಾರಣವುಂಟು. 1966ರಲ್ಲಿ ಮೈಸೂರಿನ ಛತ್ರವೊಂದರಲ್ಲಿ ನಮ್ಮ ಅಕ್ಕನ ಮದುವೆ ನಡೆಯಿತು. ನಾನಾಗ ಹನ್ನೆರಡು ವರ್ಷದ ಹುಡುಗ. ನೆರೆಮನೆಯವರಿಂದ ಎರವಲು ತಂದ ಡಬ್ಬಿ ಕ್ಯಾಮರಾ ನನ್ನ ಕೈಯಲ್ಲಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಫ್ಲಾಷ್ ಇಲ್ಲದ ಕ್ಯಾಮರಾ ಆದುದರಿಂದ ಒಳಗಿನ ಮಂಟಪದ ಮಂಕು ಬೆಳಕಿಗೆ ಅದು ಒಗ್ಗುತ್ತಿರಲಿಲ್ಲ. ಬಿಸಿಲನ್ನು ಹುಡುಕಿಕೊಂಡು ನಾನು ಹಿತ್ತಲಿಗೆ ಹೋದೆ.

ಅಲ್ಲಿ ನಮ್ಮ ಸೋದರತ್ತೆ ಇದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಅಕ್ಕನನ್ನು ಎತ್ತಿ ಆಡಿಸಿ ಬೆಳೆಸಿದವರು. ಅಂದಿನ ರೂಢಿಯಂತೆ ಅವರು ಮಂಟಪದ ಬಳಿ ಸುಳಿಯುವಂತಿರಲಿಲ್ಲ. ಗಟ್ಟಿಮೇಳ ಮೊಳಗಿತು. ಅತ್ತೆ ಹಿತ್ತಲಿನ ಕಿಟಕಿಯ ಸರಳು ಹಿಡಿದು, ತುದಿಗಾಲಿನ ಮೇಲೆ ನಿಂತು, ಜನರ ತಲೆಗಳ ಮೇಲಿನಿಂದ ಒಳಗೆ ಇಣುಕುತ್ತಿದ್ದರು. ಇನ್ನೊಂದು ಕೈಯ ಮುಷ್ಟಿಯಲ್ಲಿ ಅಕ್ಷತೆ ಇತ್ತು. ನಾನು ಗುಂಡಿ ಒತ್ತಿದೆ. ಅವರಿಗೆ ತಿಳಿಯಲಿಲ್ಲ.

ಸುರುಳಿ ತೊಳೆದು ಬಂದಾಗ, ‘ಮದುಮಗಳನ್ನು ಬಿಟ್ಟು ಕಿಟಕಿಯ ಚಿತ್ರ ತೆಗೆದೆಯಲ್ಲೋ’ ಎಂದು ತಂದೆಯವರು ಗದರಿಸಿದರು. ಹದಿಮೂರು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಪಟ ಬೇಕೆಂದು ಮನೆಯ ಪೆಟ್ಟಿಗೆಗಳನ್ನೆಲ್ಲ ತಡಕಿದೆವು. ಸಿಕ್ಕಿದ್ದು ಅದೊಂದೇ. ಅರ್ಧ ಮುಖ ಮಾತ್ರ ಕಾಣುತ್ತದೆ. ಆದರೂ ಅದು ಅತ್ತೆಯ ಮುಖವೇ. ಇಂದಿಗೂ ಅಕ್ಕನ ಆಲ್ಬಮಿನ ಮೊದಲ ಪುಟದಲ್ಲಿ ಆ ಚಿತ್ರವಿದೆ.

ಇಂಥ ಚಿತ್ರಕಲೆಗೆ ದೊಡ್ಡ ಪರಂಪರೆಯೇ ಉಂಟು. ಜರ್ಮನಿಯ ಎರಿಕ್ ಸಾಲೊಮನ್ ಎಂಬವರು ಕಾನೂನು ಓದಿದವರು. 1928ರಲ್ಲಿ ಬರ್ಲಿನ್ನಿನ ನ್ಯಾಯಾಲಯದೊಳಕ್ಕೆ ಟೋಪಿಯಲ್ಲಿ ಕ್ಯಾಮರಾ ಅಡಗಿಸಿಕೊಂಡು ಹೋಗಿ ಚಿತ್ರ ತೆಗೆದರು. ಮುಂದೆ ರಾಜತಂತ್ರಜ್ಞರ ಸಭೆಗಳಿಗೂ ಔತಣಗಳಿಗೂ ಅತಿಥಿಗಳಂತೆಯೇ ಉಡುಪು ಧರಿಸಿ ಹೋಗಿ, ಮಂತ್ರಿಗಳು ಆಕಳಿಸುವುದನ್ನೂ ತೂಕಡಿಸುವುದನ್ನೂ ಸೆರೆಹಿಡಿದರು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮರಾ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾಗಿದ್ದು, ಈ ಕೆಲಸವನ್ನು ಇನ್ನಷ್ಟು ಸುಲಭಗೊಳಿಸಿತು. ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರೂ ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ಚಿತ್ರಿಸಿಯೇ ಹೆಸರಾದವರು.

ಇಂದು ಎಲ್ಲರ ಜೇಬಿನಲ್ಲೂ ಫೋನಿದೆ, ಅದರಲ್ಲಿ ಕ್ಯಾಮರಾ ಇದೆ. ಹೀಗಿರಲು, ಮುಂದಿನ ಮದುವೆಗೆ ಹೋದಾಗ ನೀವು ಮಾಡಬಹುದಾದದ್ದು ಇಷ್ಟು. ತಾಳಿ ಕಟ್ಟುವ ಗಳಿಗೆಯನ್ನು ಕರೆಸಿಕೊಂಡ ಛಾಯಾಗ್ರಾಹಕರಿಗೆ ಬಿಡಿ. ನೀವು ಮಂಟಪಕ್ಕೆ ಬೆನ್ನು ಮಾಡಿ ನಿಲ್ಲಿ. ಅಂತರಪಟ ಸರಿದು ಅಕ್ಷತೆ ಹಾರುವಾಗ ಎದುರಿನ ಸಾಲುಗಳಲ್ಲಿ ಎಷ್ಟು ಬಗೆಯ ಮುಖಗಳು! ಒಬ್ಬರು ಕಣ್ಣೊರೆಸುತ್ತಾರೆ, ಇನ್ನೊಬ್ಬರು ಮಗುವನ್ನು ಎತ್ತಿ ತೋರಿಸುತ್ತಾರೆ, ಯಾರೋ ತಮ್ಮ ಮದುವೆಯನ್ನು ನೆನೆಯುತ್ತಾರೆ.

ಫ್ಲಾಷ್ ಬೇಡ. ಅದು ಒಮ್ಮೆ ಮಿಂಚಿತೆಂದರೆ ಎಲ್ಲರೂ ಎಚ್ಚೆತ್ತು ಮುಖ ಸರಿಮಾಡಿಕೊಳ್ಳುತ್ತಾರೆ. ಕಿಟಕಿಯ ಬೆಳಕು ಮುಖದ ಒಂದು ಪಾರ್ಶ್ವಕ್ಕೆ ಬೀಳುವೆಡೆ ನಿಲ್ಲಿ. ಸುತ್ತ ಬಿಳಿ ಪಂಚೆ, ಬಿಳಿ ಗೋಡೆಗಳೇ ತುಂಬಿದ್ದರೆ ಕ್ಯಾಮರಾ ಮೋಸಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ. ಬೆಳಕನ್ನು ಸ್ವಲ್ಪ ಹೆಚ್ಚಿಸಿಕೊಳ್ಳಿ. ಕ್ಯಾಮರಾದಲ್ಲಿ ವೇಗವನ್ನು ನೀವೇ ಗೊತ್ತುಮಾಡುವುದಾದರೆ, ಮಾತನಾಡುತ್ತಾ ಕುಳಿತವರಿಗೆ ಸೆಕೆಂಡಿನ 125ನೇ ಒಂದು ಭಾಗ ಸಾಕು. ಅಕ್ಷತೆ ಎರಚುವ ಕೈಗೆ 250ನೇ ಒಂದು ಭಾಗವಾದರೂ ಬೇಕು. ಮೊದಲ ಅರ್ಧ ಗಂಟೆ ಅವಸರ ಬೇಡ. ನಿಮ್ಮ ಓಡಾಟ ಅಭ್ಯಾಸವಾದ ಮೇಲೆ ಯಾರೂ ನಿಮ್ಮನ್ನು ಗಮನಿಸುವುದಿಲ್ಲ. ಉಗ್ರಾಣ, ಅಡುಗೆಮನೆ, ಹಿತ್ತಲುಗಳನ್ನು ಮರೆಯಬೇಡಿ. ಮದುವೆಯನ್ನು ಹೊತ್ತು ನಡೆಸುವವರು ಹೆಚ್ಚಾಗಿ ಅಲ್ಲಿಯೇ ಇರುತ್ತಾರೆ.

ಆದರೆ ಮರ್ಯಾದೆಯ ಮಾತೊಂದಿದೆ. ಪಂಕ್ತಿಯಲ್ಲಿ ಬಾಯಿಗೆ ತುತ್ತಿಟ್ಟವರನ್ನು, ನಿದ್ದೆ ಹೋಗಿ ಉಡುಗೆ ಓರೆಯಾದವರನ್ನು, ಕೋಣೆಯಲ್ಲಿ ಮಗುವಿಗೆ ಹಾಲೂಡಿಸುವ ತಾಯಿಯನ್ನು ಚಿತ್ರಿಸಬೇಡಿ. ಯಾರಾದರೂ ಸೆರಗನ್ನು ಮುಖಕ್ಕೆ ಎಳೆದುಕೊಂಡರೆ ಕ್ಯಾಮರಾ ಕೆಳಗಿಳಿಸಿ. ತೆಗೆದ ಮೇಲೆ ಅವರಿಗೇ ತೋರಿಸಿ, ಬೇಡವೆಂದರೆ ಅಳಿಸಿಬಿಡಿ. ಇಂದು ಒಂದು ಚಿತ್ರ ಕ್ಷಣಮಾತ್ರದಲ್ಲಿ ನೂರಾರು ಫೋನುಗಳಿಗೆ ಹೋಗಿಬಿಡುತ್ತದೆ. ಒಪ್ಪಿಗೆಯಿಲ್ಲದೆ ಯಾರನ್ನೂ ಹಾಗೆ ಊರೂರಿಗೆ ಕಳುಹಿಸಬಾರದು. ನಮ್ಮತ್ತೆಯನ್ನು ನಾನು ಕೇಳಿರಲಿಲ್ಲ; ಆದರೆ ಪ್ರತಿ ಬಂದ ದಿನವೇ ಅದನ್ನು ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿ, ‘ಇರಲಿ ಬಿಡು’ ಎಂದರು. ಆ ಒಪ್ಪಿಗೆಯ ಬೆಲೆ ನನಗೆ ತಿಳಿದದ್ದು ಬಹು ತಡವಾಗಿ.

ಕೊನೆಯದಾಗಿ, ಒಳ್ಳೆಯದೆನಿಸಿದ ಹತ್ತು ಚಿತ್ರಗಳನ್ನಾದರೂ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು, ಸಂಬಂಧ, ವರ್ಷ ಬರೆದಿಡಿ. ಐವತ್ತು ವರ್ಷಗಳಾದ ಮೇಲೆ ಮೊಮ್ಮಗುವೊಂದು ‘ಕಿಟಕಿಯ ಹತ್ತಿರ ನಿಂತಿರುವವರು ಯಾರು?’ ಎಂದು ಕೇಳಿದಾಗ, ಉತ್ತರ ಹೇಳಲು ನಾವು ಇರುತ್ತೇವೆಂಬ ಭರವಸೆಯೇನು?